ಅಡ್ಡಹೆಸರು: ಒಂದು ಅರ್ಜಿಯ ವಿಮರ್ಶೆ

ವಿಮರ್ಶೆ ಅಂದರೆ ಕಾವ್ಯದ್ದು, ಕಾದಂಬರಿಯದ್ದು, ಹೆಚ್ಚೆಂದರೆ ನಾಟಕದ್ದು ಅಂತ ಕಾಲೇಜಿನಲ್ಲಿ ನಮಗೆ ಹೇಳಿಕೊಟ್ಟರು. ಈ ಸಂಚಿಕೆಗೆ ನಾವು ಎತ್ತಿಕೊಂಡಿರುವುದು ಒಂದು ಅರ್ಜಿಯನ್ನು. ಕಂಪ್ಯೂಟರ್ ಪರದೆಯ ಮೇಲೆ ತೆರೆದುಕೊಳ್ಳುವ, ಹೆಸರು ವಿಳಾಸ ಕೇಳುವ, ತುಂಬಿದ ಮೇಲೆ ಗುಂಡಿ ಒತ್ತು ಅನ್ನುವ ಅರ್ಜಿ. ಇದನ್ನು ಯಾರೂ ಸಾಹಿತ್ಯ ಅನ್ನುವುದಿಲ್ಲ. ಆದರೆ ನಮ್ಮ ಕೇರಿಗಳಲ್ಲಿ ಕವಿತೆ ಓದುವವರಿಗಿಂತ ಇದನ್ನು ಓದುವವರು ಎಷ್ಟೋ ಪಾಲು ಹೆಚ್ಚು. ಕವಿತೆ ಹಿಡಿಸದಿದ್ದರೆ ಪುಟ ಮಗುಚಬಹುದು. ಅರ್ಜಿ ಹಿಡಿಸದಿದ್ದರೆ ಎಲ್ಲಿಗೆ ಹೋಗೂದು? ಇದನ್ನೂ ಒಬ್ಬ ಬರೆದಿದ್ದಾನೆ. ಅವನಿಗೂ ಒಂದು ಊರು, ಒಂದು ಮನೆ, ಒಂದು ಜಾತಿ ಇದೆ. ಯಾರನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದೆ, ಯಾರನ್ನು ಬಿಟ್ಟು ಬರೆದೆ ಎಂಬ ಪ್ರಶ್ನೆಯನ್ನು 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಕಟ್ಟಿದವರು ಕಥೆ ಕವಿತೆಗಳಿಗೆ ಕೇಳಿದರು. ನಾವು ಅರ್ಜಿಗೆ ಕೇಳುತ್ತಿದ್ದೇವೆ, ಅಷ್ಟೆ.

ಬೈತಖೋಲ ಕಾರವಾರ ಪೇಟೆಯ ಮಗ್ಗುಲಲ್ಲೇ ಗುಡ್ಡದ ಬುಡಕ್ಕೆ ಒತ್ತಿಕೊಂಡ ಕೊಲ್ಲಿ. ಒಂದು ಕಡೆ ಹಡಗಿನ ಬಂದರು, ಇನ್ನೊಂದು ಕಡೆ ಮೀನುಗಾರಿಕೆ ಬಂದರು, ಗುಡ್ಡ ದಾಟಿದರೆ ಅರ್ಗಾದ ನೌಕಾನೆಲೆ. ಹೆಸರು ಅರಬ್ಬರು ಇಟ್ಟದ್ದು, ಸುರಕ್ಷಿತವಾದ ಕೊಲ್ಲಿ ಅಂತ ಅದರ ಅರ್ಥ ಎಂದು ಹೇಳುತ್ತಾರೆ. ಅಲ್ಲಿಗೆ ಹೋಗುವ ದಾರಿಯ ಒಂದು ಝೆರಾಕ್ಸ್ ಅಂಗಡಿಯಲ್ಲಿ ಒಂದು ಸಂಜೆ ನಮ್ಮ ಕೇರಿಯ ಹುಡುಗಿಯ ಜೊತೆ ಕೂತಿದ್ದೆವು. ಬಿಸಿಎ ಮುಗಿಸಿದವಳು, ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯ ಕೆಲಸಕ್ಕೆ ಅರ್ಜಿ ತುಂಬುತ್ತಿದ್ದಳು. ಫಸ್ಟ್ ನೇಮ್ ಅಂದಲ್ಲಿ ಹೆಸರು ಬರೆದಳು. ಲಾಸ್ಟ್ ನೇಮ್ ಅಂದಲ್ಲಿ ನಿಂತಳು. ಪಕ್ಕದಲ್ಲಿ ಕೆಂಪು ನಕ್ಷತ್ರ. ತುಂಬಲೇಬೇಕು ಎಂದು ಅದರ ಅರ್ಥ.

ಅವಳಿಗೆ ಲಾಸ್ಟ್ ನೇಮ್ ಇಲ್ಲ. ಇಲ್ಲದ್ದು ಮರೆವಿನಿಂದ ಅಲ್ಲ. ಅವಳ ಅಪ್ಪ ಹರೆಯದಲ್ಲಿ ಸಂಘಟನೆಯಲ್ಲಿ ಓಡಾಡಿದವರು. ಮಗಳನ್ನು ಒಂದನೇ ಇಯತ್ತೆಗೆ ಸೇರಿಸುವಾಗ ಮಾಸ್ತರರು "ಅಡ್ಡಹೆಸರು ಎಂತ ಬರೀಲಿ?" ಅಂದರೆ "ಅಡ್ಡಹೆಸರು ಬ್ಯಾಡ ಮಾಸ್ತರೇ, ಹುಡುಗಿ ಹೆಸರು ಸಾಕು" ಅಂದಿದ್ದರಂತೆ. ಮಾಸ್ತರರು ಒಂದು ಗಳಿಗೆ ಪೆನ್ನು ಎತ್ತಿ ಹಿಡಿದು, ಹೆಸರಿನ ಮುಂದೆ ಅಪ್ಪನ ಹೆಸರಿನ ಒಂದು ಅಕ್ಷರ ಮಾತ್ರ ಹಾಕಿ ಕಳಿಸಿದರಂತೆ. ಆ ಒಂದು ದಿನದ ಹಟ ಹತ್ತನೇ ಇಯತ್ತೆಯ ಅಂಕಪಟ್ಟಿಯವರೆಗೆ, ಡಿಗ್ರಿಯವರೆಗೆ ನಡೆದು ಬಂದಿತ್ತು.

ಹುಡುಗಿ ಆ ಚೌಕವನ್ನು ಖಾಲಿ ಬಿಟ್ಟು ಗುಂಡಿ ಒತ್ತಿದಳು. ಚೌಕ ಕೆಂಪಾಯಿತು. ಅಪ್ಪನ ಹೆಸರಿನ ಒಂದು ಅಕ್ಷರ ಹಾಕಿದಳು. ಕನಿಷ್ಠ ಎರಡು ಅಕ್ಷರ ಬೇಕು ಅಂತ ಬಂತು. ಒಂದು ಚುಕ್ಕೆ ಇಟ್ಟಳು. ಅಕ್ಷರ ಮಾತ್ರ ಬರೆಯಿರಿ ಅಂತ ಬಂತು. ಅಂಗಡಿಯವರು ಆಚೆ ಯಂತ್ರದಿಂದ ಕತ್ತು ಚಾಚಿ ನೋಡಿ, "ಎಂತಕ್ಕೆ ಇಷ್ಟು ಹೊತ್ತು ತಂಗೀ? ನಿಮ್ಮ ಜಾತಿ ಹೆಸ್ರು ಹಾಕಿಬಿಡು, ಎಲ್ಲರೂ ಅದನ್ನೇ ಹಾಕೂದು" ಅಂದರು. ಅವರು ಕೆಟ್ಟವರಲ್ಲ. ದಿನಕ್ಕೆ ಎಷ್ಟೋ ಅರ್ಜಿ ತುಂಬಿಸುವವರು. ಕಂಪನಿಯ ದೊಡ್ಡವರು ಬಾಯಿ ಬಿಟ್ಟು ಹೇಳದ ಮಾತನ್ನು ಅವರು ಸರಳ ಕನ್ನಡದಲ್ಲಿ ಹೇಳಿದರು. ಈ ಅರ್ಜಿಯ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆ ನಮ್ಮಿಂದ ಸಾಧ್ಯವಿಲ್ಲ. ಮುಂದಿನದು ಆ ಒಂದು ಮಾತಿನ ವಿವರಣೆ ಮಾತ್ರ.

ನಮ್ಮ ಜಿಲ್ಲೆಯ ಹೆಸರುಗಳ ಕಥೆ ಘಟ್ಟದ ಮೇಲಿನವರಿಗೆ ಗೊತ್ತಿರಲಿಕ್ಕಿಲ್ಲ. ಉತ್ತರ ಕನ್ನಡ 1862ರಿಂದ ಮುಂಬಯಿ ಪ್ರಾಂತ್ಯದಲ್ಲಿ ಇದ್ದದ್ದು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಹೆಸರಿನ ಬಾಲದಲ್ಲಿ ಮನೆತನವನ್ನೋ ಜಾತಿಯನ್ನೋ ಸೇರಿಸುವ ಮುಂಬಯಿ ಕಡೆಯ ಪದ್ಧತಿ ಇಲ್ಲಿ ಗಟ್ಟಿ. ಭಟ್, ಹೆಗಡೆ, ಕಾಮತ, ನಾಯಕ, ಗೌಡ, ಹರಿಕಂತ್ರ, ಖಾರ್ವಿ, ತಾಂಡೇಲ, ಆಗೇರ, ಮುಕ್ರಿ. ಹಾಜರಿ ಕೂಗಿದರೆ ಸಾಕು, ಯಾರ ಮನೆಯಲ್ಲಿ ಪೂಜೆ, ಯಾರ ಮನೆಯಲ್ಲಿ ಬಲೆ, ಯಾರ ಮನೆಯಲ್ಲಿ ಉಪ್ಪಿನಾಗರದ ಕೂಲಿ ಎಂದು ಇಡೀ ವರ್ಗಕ್ಕೆ ತಿಳಿಯುತ್ತದೆ. ಮೈಸೂರು ಸೀಮೆಯಲ್ಲಿ ಹಾಗಲ್ಲ. ಅಲ್ಲಿ ಊರು ಹೆಸರಿನ ಮುಂದೆ ಬರುತ್ತದೆ. ದೇವನೂರ ಮಹಾದೇವ, ಮೂಡ್ನಾಕೂಡು ಚಿನ್ನಸ್ವಾಮಿ. ಈ ಹೆಸರುಗಳನ್ನು ಹಾಗೆಯೇ ಅರ್ಜಿಗೆ ಸುರಿದರೆ ಕಂಪ್ಯೂಟರು ಮಹಾದೇವರಿಗೆ ಬರೆಯುವ ಪತ್ರವನ್ನು 'ಪ್ರಿಯ ದೇವನೂರ' ಎಂದು ಶುರು ಮಾಡುತ್ತದೆ, ಅಂದರೆ ಊರಿಗೇ ಪತ್ರ! ತಮಿಳರಲ್ಲಿ 1929ರಲ್ಲೇ ಚೆಂಗಲ್ಪಟ್ಟು ಸಮ್ಮೇಳನದಲ್ಲಿ ಪೆರಿಯಾರರ ಸ್ವಾಭಿಮಾನ ಚಳವಳಿಯವರು ಜಾತಿಯ ಬಾಲವನ್ನು ಕತ್ತರಿಸಿ ಎಸೆಯಲು ನಿರ್ಣಯ ಮಾಡಿದರು. ಹೆಸರಿಗೆ ಹಿಂದೆ ಏನೂ ಇಲ್ಲದೆ ಬದುಕುವುದು ಅಲ್ಲಿ ಮೂರು ನಾಲ್ಕು ತಲೆಮಾರಿನ ರೂಢಿ. ಅಷ್ಟು ದೊಡ್ಡ ಚಳವಳಿ ಕಿತ್ತು ಹಾಕಿದ್ದನ್ನು ಒಂದು ಕೆಂಪು ನಕ್ಷತ್ರ ವಾಪಸು ಕೇಳುತ್ತಿದೆ.

ಅಂಕೋಲೆಯ ಬಡಗೇರಿಯ ಸುಕ್ರಜ್ಜಿಯನ್ನು ನೋಡಿ. ಹಾಲಕ್ಕಿಗಳ ಹಾಡಿಗೆ 2017ರಲ್ಲಿ ಪದ್ಮಶ್ರೀ ಬಂತು, 2025ರಲ್ಲಿ ತೀರಿಕೊಂಡರು. ಸುಕ್ರಿ ಬೊಮ್ಮಗೌಡ ಎಂದು ಸರಕಾರ ಬರೆಯಿತು. ಸುಕ್ರಿ ಅವರದು. ಬೊಮ್ಮ ಗಂಡನದು. ಗೌಡ ಸಮುದಾಯದ್ದು. ಇದರಲ್ಲಿ ಅವರ 'ಲಾಸ್ಟ್ ನೇಮ್' ಯಾವುದು? ಹಾಡು ಕೇಳಲು ಮನೆಗೆ ಬಂದವರಿಗೆ ಈ ಪ್ರಶ್ನೆ ಹುಟ್ಟಲಿಲ್ಲ. ಅಜ್ಜಿ ಅಂದರೆ ಸಾಕಾಗುತ್ತಿತ್ತು.

ಈಗ ಬರೆದವನ ಕಡೆ ತಿರುಗೋಣ. ಆ ಚೌಕವನ್ನು ಕಡ್ಡಾಯ ಮಾಡುವುದು ಒಂದೇ ಒಂದು ಶಬ್ದ. ಪುಟ ಕಟ್ಟುವ ಭಾಷೆಯಲ್ಲಿ, ಚೌಕದ ವಿವರಣೆಯ ಸಾಲಿನ ಒಳಗೆ 'ರಿಕ್ವೈರ್ಡ್' ಎಂದು ಸೇರಿಸಿದರೆ ಚೌಕ ಖಾಲಿ ಬಿಡಲು ಆಗುವುದಿಲ್ಲ. ಅಳಿಸಿದರೆ ಬಿಡಬಹುದು. ಹೆಸರಿಗೆ ಎರಡು ಚೌಕದ ಬದಲು ಒಂದೇ ಉದ್ದ ಚೌಕ ಇಟ್ಟರೆ ಸಮಸ್ಯೆಯೇ ಹುಟ್ಟುವುದಿಲ್ಲ. ಇದು ಆಗದ ಕೆಲಸವೇ? ನೂರು ಕೋಟಿಗೂ ಹೆಚ್ಚು ಜನರ ಆಧಾರ್ ಕಾರ್ಡಿನಲ್ಲಿ ಹೆಸರಿಗೆ ಇರುವುದು ಒಂದೇ ಜಾಗ. ನಮಗೆ ಆಧಾರಿನ ಮೇಲೆ ಬೇರೆ ನೂರು ತಕರಾರುಗಳಿವೆ, ಆದರೆ ಇದೊಂದನ್ನು ಅದು ಸರಿಯಾಗಿ ಮಾಡಿತು. ಪ್ಯಾನ್ ಕಾರ್ಡಿಗೆ ಜನ ವರ್ಷಾನುಗಟ್ಟಲೆ ತುಂಬಿದ 49ಎ ನಮೂನೆ ಉಲ್ಟಾ. ಒಂದೇ ಹೆಸರಿನವರು ಅದನ್ನು ಕೊನೆಯ ಹೆಸರಿನ ಜಾಗದಲ್ಲಿ ಬರೆಯಬೇಕು, ಮೊದಲ ಹೆಸರು ಖಾಲಿ! ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಬಿಡಬಹುದು. ಆದರೆ ಬಿಟ್ಟವರ ಗತಿ? ಅಮೆರಿಕದ ವೀಸಾದಲ್ಲಿ ಒಂಟಿ ಹೆಸರಿನವರಿಗೆ 'ಎಫ್‌ಎನ್‌ಯು' ಎಂದು ಅಚ್ಚಾಗುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂಬುದರ ಹ್ರಸ್ವರೂಪ. ಹೆತ್ತವರು ಇಟ್ಟ ಹೆಸರನ್ನು ಕಣ್ಣೆದುರು ಇಟ್ಟುಕೊಂಡೇ ಗೊತ್ತಿಲ್ಲ ಅನ್ನುವುದು. 2022ರ ನವೆಂಬರಿನಲ್ಲಿ ಯುಎಇ ದೇಶ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರು ಭೇಟಿಯ ವೀಸಾದಲ್ಲಿ ಒಳಗೆ ಬರುವಂತಿಲ್ಲ ಎಂದಿತು. ಭಟ್ಕಳದಿಂದ ಕಾರವಾರದವರೆಗೆ ಗಲ್ಫಿಗೆ ಜನ ಕಳಿಸುವ ನಮ್ಮ ಕರಾವಳಿಗೆ ಇದು ದೂರದ ಸುದ್ದಿಯಲ್ಲ.

ಹೀಗೆ ಚೌಕಕ್ಕೆ ಹೊಂದದವರಿಗೆ ಪ್ರೋಗ್ರಾಮರುಗಳು ಒಂದು ಹೆಸರಿಟ್ಟಿದ್ದಾರೆ: ಎಡ್ಜ್ ಕೇಸ್. ಅಂಚಿನಲ್ಲಿ ಬರುವ ಪ್ರಸಂಗ ಅಂತ. ಮೊದಲು ಊರೊಳಗಿನವರಿಗೆ ಕೆಲಸ ಮಾಡಿಕೊಡು, ಅಂಚಿನವರನ್ನು ಪುರುಸೊತ್ತಾದಾಗ ನೋಡೋಣ ಎಂಬುದು ಆ ಕಸುಬಿನ ವಾಡಿಕೆ. ಬೈಗುಳವಾಗಿ ಇದನ್ನು ಯಾರೂ ಬಳಸುವುದಿಲ್ಲ ಎಂದು ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮ ಗೆಳೆಯನೇ ಹೇಳಿದ. ಒಪ್ಪುತ್ತೇವೆ. ಹೊಲಗೇರಿ ಎಂಬ ಮಾತನ್ನೂ ಊರಿನವರು ಬೈಗುಳವಾಗಿ ಬಳಸುತ್ತಿರಲಿಲ್ಲ, ವಿಳಾಸವಾಗಿ ಬಳಸುತ್ತಿದ್ದರು.

ಸಾಫ್ಟ್‌ವೇರ್ ಜಗತ್ತು ಹೆಸರಿನ ಬಗ್ಗೆ ಯೋಚಿಸಿಯೇ ಇಲ್ಲ ಅಂದರೆ ಅನ್ಯಾಯವಾದೀತು. ಅವರದೇ ಒಂದು ಚಿಕ್ಕ ಸಾಹಿತ್ಯ ಇದೆ. ಪ್ಯಾಟ್ರಿಕ್ ಮೆಕೆಂಝಿ ಎಂಬ ಅಮೆರಿಕದ ಪ್ರೋಗ್ರಾಮರ್ ಜಪಾನಿನಲ್ಲಿ ಕೆಲಸಕ್ಕಿದ್ದಾಗ ಅಲ್ಲಿನ ಕಂಪ್ಯೂಟರುಗಳು ಅವನ ಹೆಸರನ್ನು ನುಂಗಲಾರದೆ ಕೆಮ್ಮುತ್ತಿದ್ದವು. ಆ ಸಿಟ್ಟಿನಲ್ಲಿ 2010ರಲ್ಲಿ ಒಂದು ಲೇಖನ ಬರೆದ. ಪ್ರೋಗ್ರಾಮರುಗಳು ಹೆಸರಿನ ಬಗ್ಗೆ ನಂಬಿಕೊಂಡ 40 ಸುಳ್ಳುಗಳ ಪಟ್ಟಿ ಅದು. ಹೆಸರು ಬದಲಾಗುವುದಿಲ್ಲ, ಎಲ್ಲರಿಗೂ ಮನೆತನದ ಹೆಸರಿದೆ, ಹೀಗೆ ಸಾಗಿ ಕೊನೆಗೆ, ಜನರಿಗೆ ಹೆಸರು ಇದ್ದೇ ಇರುತ್ತದೆ ಎಂಬುದನ್ನೂ ಸುಳ್ಳಿನ ಲೆಕ್ಕಕ್ಕೆ ಸೇರಿಸುತ್ತಾನೆ. ಒಳ್ಳೆಯ ಬರಹ. ಬಿಳಿಯ ಮನುಷ್ಯನಿಗೆ ಪರದೇಶದಲ್ಲಿ ತಾನು ಅಂಚಿನವನಾದ ಮೇಲೆ ಅಂಚು ಕಂಡಿತು; ಕಂಡದ್ದನ್ನು ಪ್ರಾಮಾಣಿಕವಾಗಿ ಬರೆದ. ಆದರೆ ಆ ನಲವತ್ತರಲ್ಲಿ ನಾವು ಹುಡುಕಿದ ಸುಳ್ಳು ಸಿಗಲಿಲ್ಲ. ಹೆಸರು ಕೇಳಿದರೆ ಬರೀ ಹೆಸರು ಸಿಗುತ್ತದೆ ಎಂಬ ಸುಳ್ಳು. ಅವನ ಹೆಸರು ಯಂತ್ರಕ್ಕೆ ಹಿಡಿಸಲಿಲ್ಲ. ನಮ್ಮದು ಯಂತ್ರಕ್ಕೆ ಸಲೀಸಾಗಿ ಹಿಡಿಸುತ್ತದೆ, ಆಮೇಲೆ ಅದನ್ನು ಮನುಷ್ಯ ಓದುತ್ತಾನೆ.

ಅವರಲ್ಲಿ ಬಹಳ ಜನಪ್ರಿಯವಾದ ಒಂದು ಚಿತ್ರಹಾಸ್ಯವೂ ಇದೆ. ಎಕ್ಸ್‌ಕೆಸಿಡಿ ಎಂಬ ಸರಣಿಯಲ್ಲಿ 2007ರಲ್ಲಿ ಬಂದದ್ದು. ಒಬ್ಬ ತಾಯಿ ಮಗನಿಗೆ ಇಟ್ಟ ಹೆಸರಿನೊಳಗೇ ಕಂಪ್ಯೂಟರಿಗೆ ಕೊಡುವ ಅಪ್ಪಣೆಯೊಂದನ್ನು ಸೇರಿಸಿದ್ದಾಳೆ. ಶಾಲೆಯವರು ಆ ಹೆಸರನ್ನು ದಾಖಲು ಮಾಡಿದ ಕೂಡಲೇ ವಿದ್ಯಾರ್ಥಿಗಳ ದಾಖಲೆಯೆಲ್ಲ ಅಳಿಸಿಹೋಗುತ್ತದೆ. ಪ್ರೋಗ್ರಾಮರುಗಳು ಇದನ್ನು ನೆನೆದು ಈಗಲೂ ನಗುತ್ತಾರೆ. ನಾವೂ ನಕ್ಕೆವು, ಚೆನ್ನಾಗಿದೆ. ಆದರೆ ಹೆಸರು ಶಾಲೆಯನ್ನು ಒಡೆದ ಕಥೆ ಅದು. ಶಾಲೆ ಹೆಸರನ್ನು ಒಡೆದ ಕಥೆ ನಮ್ಮ ಮನೆಮನೆಯಲ್ಲಿದೆ. ಅಜ್ಜ ಸೋಮವಾರ ಹುಟ್ಟಿದ್ದಕ್ಕೆ ಸೋಮ. ಅದು ಮನೆಯವರು ಪ್ರೀತಿಯಿಂದ ಕೂಗಿದ್ದು. ಪಟ್ಟಿಯಲ್ಲಿ ಅದಕ್ಕೆ ಜಾತಿಯ ಬಾಲ ಅಂಟಿಸಿದ್ದು ಮಾಸ್ತರರು. ಅಂಬೇಡ್ಕರರ ಮನೆತನದ ಹೆಸರು ಸಕ್ಪಾಳ ಎಂದಿತ್ತು. ರತ್ನಾಗಿರಿ ಜಿಲ್ಲೆಯ ಅಂಬಡವೆ ಊರಿನ ಹೆಸರಿನಿಂದ ಶಾಲೆಯ ದಾಖಲೆಯಲ್ಲಿ ಅಂಬಡವೇಕರ ಆಯಿತು, ಮುಂದೆ ಅಂಬೇಡ್ಕರ್ ಆಯಿತು. ಶಾಲೆಯ ಪಟ್ಟಿಯಲ್ಲಿ ಬರೆಯುವ ಒಂದು ಹೆಸರಿನಲ್ಲಿ ಎಷ್ಟು ಇದೆ ಎಂಬುದು ಬೈತಖೋಲದ ಆ ಅಪ್ಪನಿಗೆ ಗೊತ್ತಿತ್ತು.

ಜಾಲದ ಪುಟಗಳಿಗೆ ನಿಯಮ ಮಾಡುವ ಡಬ್ಲ್ಯು ತ್ರೀ ಸಿ ಎಂಬ ಅಂತಾರಾಷ್ಟ್ರೀಯ ಸಂಸ್ಥೆಯೂ ಜಗತ್ತಿನ ಹೆಸರುಗಳ ಬಗ್ಗೆ ಬುದ್ಧಿಮಾತು ಬರೆದಿಟ್ಟಿದೆ. ಎರಡು ಚೌಕ ನಿಜವಾಗಿ ಬೇಕೇ ಯೋಚಿಸಿ, ಆದರೆ ಒಂದೇ ಇಡಿ ಎಂಬುದೇ ಅದರ ಸಾರ. ಅಂದರೆ ತಿಳಿದವರು ಹೇಳಿ ಬಹಳ ವರ್ಷ ಆಗಿದೆ. ಗೊತ್ತಿಲ್ಲದೆ ಆಯಿತು ಎಂಬ ನೆಪ ಇನ್ನು ನಡೆಯುವುದಿಲ್ಲ.

ಬೇಕು ಅನಿಸಿದರೆ ಇವರು ಎಷ್ಟು ಬೇಗ ಬದಲಾಗುತ್ತಾರೆ ಎಂಬುದಕ್ಕೂ ದಾಖಲೆ ಇದೆ. ಗಿಟ್‌ಹಬ್ ಅಂತ ಒಂದು ತಾಣ. ಜಗತ್ತಿನ ಪ್ರೋಗ್ರಾಮರುಗಳು ತಮ್ಮ ಬರಹ ಇಟ್ಟುಕೊಂಡು ಕೂಡಿ ತಿದ್ದುವ ಜಾಗ. ಆ ಕಂಪನಿಯ ಕಚೇರಿಯಲ್ಲಿ ಒಂದು ದೊಡ್ಡ ನೆಲಹಾಸು ಇತ್ತು, ಇದು ಮೆರಿಟ್ಟಿನ ರಾಜ್ಯ ಎಂಬರ್ಥದ ಮಾತು ಅದರ ಮೇಲೆ. ಯಾರ ಮೆರಿಟ್ಟು ಎಂದು ಹೆಂಗಸರು ಕೇಳಿದ ಮೇಲೆ 2014ರಲ್ಲಿ ಅದನ್ನು ತೆಗೆದರು. 2020ರ ಮೇ ತಿಂಗಳಲ್ಲಿ ಅಮೆರಿಕದ ಪೊಲೀಸರ ಮೊಣಕಾಲಿನ ಕೆಳಗೆ ಜಾರ್ಜ್ ಫ್ಲಾಯ್ಡ್ ಸತ್ತ. ದಣಿ ಎಂಬರ್ಥದ 'ಮಾಸ್ಟರ್' ಶಬ್ದದ ಮೇಲೆ ಗುಲಾಮಗಿರಿಯ ನೆರಳಿದೆ ಎಂಬ ಮಾತು ಎದ್ದಿತು. ಅದೇ ಅಕ್ಟೋಬರಿನ ಹೊತ್ತಿಗೆ ಗಿಟ್‌ಹಬ್ ತನ್ನ ಹೊಸ ಕಡತಗಳ ಮುಖ್ಯ ಕವಲಿನ ಹೆಸರನ್ನು 'ಮಾಸ್ಟರ್' ಇದ್ದದ್ದು 'ಮೇನ್' ಎಂದು ಬದಲಿಸಿತು. ಒಳ್ಳೆಯದಾಯಿತು. ಕರಿಯರ ನೋವಿಗೆ ಒಂದು ಶಬ್ದವಾದರೂ ಬಗ್ಗಿತು ಅಂತ ನಮಗೆ ಸಂತೋಷ. ಶಬ್ದ ಬದಲಿಸಿದ್ದರಿಂದ ಪೊಲೀಸರ ಮೊಣಕಾಲು ಎದ್ದಿತೇ ಎಂದು ಅಲ್ಲಿನ ಕರಿಯರೇ ಕೇಳಿದ್ದಾರೆ, ಅದು ಅವರ ಹಕ್ಕು.

ಅದೇ ವರ್ಷ ಜೂನ್ 30ರಂದು ಕ್ಯಾಲಿಫೋರ್ನಿಯಾ ಸರಕಾರದ ಇಲಾಖೆ ಸಿಸ್ಕೋ ಕಂಪನಿಯ ಮೇಲೆ ಜಾತಿ ತಾರತಮ್ಯದ ಮೊಕದ್ದಮೆ ಹೂಡಿತು. ಐಐಟಿಯಲ್ಲಿ ಮೀಸಲಾತಿಯಿಂದ ಸೀಟು ಪಡೆದವನು ಎಂದು ಮೇಲಿನ ಅಧಿಕಾರಿ ಸಹೋದ್ಯೋಗಿಗಳಿಗೆ ಹೇಳಿದ, ದೂರಿದ ಮೇಲೆ ಕೆಲಸದಲ್ಲಿ ಮೂಲೆಗೆ ತಳ್ಳಿದರು ಎಂಬುದು ದಲಿತ ಎಂಜಿನಿಯರನ ದೂರು. ಕಂಪನಿ ಅಲ್ಲಗಳೆಯಿತು, ಇಬ್ಬರು ಅಧಿಕಾರಿಗಳ ಮೇಲಿನ ಮೊಕದ್ದಮೆಯನ್ನು 2023ರ ಏಪ್ರಿಲಿನಲ್ಲಿ ಇಲಾಖೆಯೇ ಕೈಬಿಟ್ಟಿತು, ಕಂಪನಿಯ ಮೇಲಿನದನ್ನು ಬಿಡಲಿಲ್ಲ. ನಾವು ಇಲ್ಲಿ ತೀರ್ಪು ಕೊಡುವವರಲ್ಲ. ನಮ್ಮ ಕಣ್ಣು ಹೋದದ್ದು ಬೇರೆ ಕಡೆ. ದಣಿ ಎಂಬ ಶಬ್ದ ತೆಗೆಯಬೇಕೆಂಬ ಗದ್ದಲ ಎದ್ದ ಜೂನ್ ತಿಂಗಳಲ್ಲೇ ಈ ಮೊಕದ್ದಮೆಯೂ ಬಂತು. ಆ ಶಬ್ದ ಹೋಯಿತು. ಕೊನೆಯ ಹೆಸರಿನ ಪಕ್ಕದ ನಕ್ಷತ್ರ ಅಲ್ಲೇ ಉಳಿಯಿತು, ಅದರ ಬಗ್ಗೆ ಗದ್ದಲವೇ ಏಳಲಿಲ್ಲ.

ಹೆಸರು ನೋಡಿ ಯಾರು ಏನು ಮಾಡುತ್ತಾರೆ, ನೀವು ಸುಮ್ಮನೆ ಅನುಮಾನ ಪಡುತ್ತೀರಿ ಅನ್ನುವ ಮಿತ್ರರಿಗೆ ಒಂದು ಲೆಕ್ಕ. ಸುಖದೇವ ಥೋರಾಟ್ ಮತ್ತು ಪಾಲ್ ಅಟ್‌ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನ. ಖಾಸಗಿ ಕಂಪನಿಗಳ 548 ಜಾಹೀರಾತುಗಳಿಗೆ 4,808 ಅರ್ಜಿ ಕಳಿಸಿದರು. ವಿದ್ಯೆ, ಅನುಭವ ಸರಿಸಮ, ಹೆಸರು ಮಾತ್ರ ಬೇರೆ: ಒಂದು ಮೇಲ್ಜಾತಿಯದು, ಒಂದು ದಲಿತರದು, ಒಂದು ಮುಸ್ಲಿಮರದು. ಮೇಲ್ಜಾತಿ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದು ಪಾಲು. ಸಂದರ್ಶನದ ಕೋಣೆಯ ಬಾಗಿಲು ತೆರೆಯುವ ಮೊದಲೇ ಇಷ್ಟು! ಬೆಂಗಳೂರಿನ ಸಾಫ್ಟ್‌ವೇರ್ ಕೆಲಸಗಾರರ ಬಗ್ಗೆ ಕೆರೊಲ್ ಉಪಾಧ್ಯ ಮತ್ತು ಎ. ಆರ್. ವಾಸವಿ 2006ರಲ್ಲಿ ಮಾಡಿದ ಅಧ್ಯಯನ ಅವರಲ್ಲಿ ಬಹುಪಾಲು ನಗರದ, ಮಧ್ಯಮ ವರ್ಗದ, ಮೇಲ್ಜಾತಿಯವರು ಎಂದು ತೋರಿಸಿತು. ನಾವು ಜಾತಿ ಕೇಳುವುದಿಲ್ಲ, ಮೆರಿಟ್ ಮಾತ್ರ ನೋಡುತ್ತೇವೆ ಅನ್ನುತ್ತದೆ ಆ ಉದ್ಯಮ. ಕೇಳುವುದಿಲ್ಲ ನಿಜ. ತುಂಬಿಸಿಕೊಳ್ಳುತ್ತದೆ.

ಜಾತಿ ಎಂಬುದು ಈ ಎಂಜಿನಿಯರುಗಳಿಗೆ ಗೊತ್ತೇ ಇಲ್ಲದ ವಿಷಯ ಎಂದೂ ಹೇಳುವಂತಿಲ್ಲ. ಮದುವೆ ಕುದುರಿಸುವ ತಾಣಗಳನ್ನು ಒಮ್ಮೆ ತೆರೆದು ನೋಡಿ. ಜಾತಿ, ಉಪಜಾತಿ, ಗೋತ್ರ, ಒಂದೊಂದಕ್ಕೂ ಉದ್ದುದ್ದ ಪಟ್ಟಿ. ಅದನ್ನು ಕಟ್ಟಿದ ಕೈಗಳೂ ಅದೇ ಕಸುಬಿನವು. ದುಡ್ಡು ಬರುವಲ್ಲಿ ಅಷ್ಟು ಸೂಕ್ಷ್ಮವಾಗಿ ಜಾತಿ ಕಾಣುವ ಕಣ್ಣಿಗೆ ಒಂದು ಬಡ ಚೌಕದಲ್ಲಿ ಅದು ಕಾಣುವುದಿಲ್ಲವಂತೆ!

ಇಲ್ಲೊಂದು ಮಾತು ನಮ್ಮ ಕಡೆಗೂ ತಿರುಗುತ್ತದೆ. ಹೆಸರಲ್ಲಿ ಜಾತಿ ಬೇಡ ಅಂತೀರಿ, ಮೀಸಲಾತಿಗೆ ಜಾತಿ ಪ್ರಮಾಣಪತ್ರ ಹಿಡಿದು ಬರ್ತೀರಿ, ಇದೆಂಥ ನ್ಯಾಯ ಎಂದು ನಮ್ಮ ಜೊತೆ ಓದಿದವರೇ ಕೇಳಿದ್ದಾರೆ. ಕೇಳಲಿ. ಪ್ರಮಾಣಪತ್ರ ಕೊಡುವಾಗ ಯಾಕೆ ಕೊಡುತ್ತೇವೆಂದು ನಮಗೂ ಗೊತ್ತು, ಕೇಳುವವರಿಗೂ ಗೊತ್ತು. ಸಂವಿಧಾನದ ಬಲ ಅದಕ್ಕಿದೆ, ಕೊಟ್ಟರೆ ಒಂದು ಹಕ್ಕು ಸಿಗುತ್ತದೆ. ಈ ಚೌಕ ಏನು ಕೇಳುತ್ತಿದ್ದೇನೆಂದು ಹೇಳುವುದಿಲ್ಲ, ಕೊಟ್ಟರೆ ಏನೂ ಕೊಡುವುದಿಲ್ಲ. ಖಾಸಗಿ ಕಂಪನಿಯಲ್ಲಿ ನಮಗೆ ಮೀಸಲಾತಿ ಇಲ್ಲ. ಹಾಗಿರುವಾಗ ನಮ್ಮ ಜಾತಿಯಿಂದ ಅವರಿಗೆ ಆಗಬೇಕಾದದ್ದು ಏನು?

ಅಡ್ಡಹೆಸರು ಬಿಟ್ಟರೆ ಜಾತಿ ಹೋಗುತ್ತದೆ ಎಂಬ ಭ್ರಮೆಯೂ ನಮಗಿಲ್ಲ. ಸಿಸ್ಕೋ ದೂರಿನಲ್ಲಿ ಅಡ್ಡಹೆಸರಿನ ಅಗತ್ಯವೇ ಬೀಳಲಿಲ್ಲ, ಹಳೆಯ ಪರಿಚಯ ಸಾಕಾಯಿತು. ಹೆಸರು ಖಾಲಿ ಇದ್ದರೆ ಊರು ಕೇಳುತ್ತಾರೆ, ಊರು ಹೇಳಿದರೆ ಓಣಿ ಕೇಳುತ್ತಾರೆ, ಅಪ್ಪ ಏನು ಮಾಡ್ತಾರೆ, ಮನೆಯಲ್ಲಿ ಏನು ಉಣ್ತೀರಿ ಕೇಳುತ್ತಾರೆ. ಆದರೆ ಹಾಗೆ ಕೇಳಲು ಒಬ್ಬ ಮನುಷ್ಯ ಬಾಯಿ ತೆರೆಯಬೇಕು. ತೆರೆದ ಬಾಯಿಗೆ ಉತ್ತರ ಕೊಡಬಹುದು. ಈ ಚೌಕದ ಜೊತೆ ಜಗಳ ಆಡುವುದು ಹೇಗೆ? ಅಪ್ಪನಿಗೆ ಮಾಸ್ತರರ ಜೊತೆ ಮಾತಾಡಲು ಒಂದು ಮೇಜು ಇತ್ತು. ಮಗಳಿಗೆ ಅದು ಇಲ್ಲ.

ಅವಳು ಆ ಸಂಜೆ ಜಾತಿ ಬರೆಯಲಿಲ್ಲ. ಬಹಳ ಹೊತ್ತು ಕೂತು, 'ಬೈತಖೋಲ' ಅಂತ ಬರೆದು ಗುಂಡಿ ಒತ್ತಿದಳು. ಯಂತ್ರ ತಕರಾರು ಮಾಡಲಿಲ್ಲ. ಎರಡು ವಾರದ ಮೇಲೆ 'ಪ್ರಿಯ ಬೈತಖೋಲ ಅವರೇ' ಎಂದು ಪತ್ರ ಬಂತು, ಪರೀಕ್ಷೆಗೆ ಕರೆದಿದ್ದರು. ಕೇರಿಯಲ್ಲಿ ಎಲ್ಲರೂ ನಕ್ಕರು, ಅಪ್ಪನೂ ನಕ್ಕರು. ಪರೀಕ್ಷೆ ಪಾಸಾದಳು. ದಾಖಲೆ ನೋಡುವ ಹೊತ್ತಿಗೆ ಅಂಕಪಟ್ಟಿಯ ಹೆಸರು ಬೇರೆ, ಅರ್ಜಿಯ ಹೆಸರು ಬೇರೆ ಎಂದು ತಡೆದರು. ಇಬ್ಬರೂ ಒಬ್ಬಳೇ ಎಂದು ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿ ತರಬೇಕಂತೆ. ಕಾಗದದ ದುಡ್ಡು, ನೋಟರಿಯ ದುಡ್ಡು, ಅಪ್ಪನ ಒಂದು ದಿನದ ಕೆಲಸ. ಇದನ್ನು ಬರೆಯುವ ಹೊತ್ತಿಗೆ ಅಫಿಡವಿಟ್ ಕಳಿಸಿ ಇಪ್ಪತ್ತು ದಿನ ಆಗಿದೆ, ಉತ್ತರ ಬಂದಿಲ್ಲ.

ಇಂಥ ಅರ್ಜಿಗಳನ್ನು ತುಂಬಿದವರು, ತುಂಬಿಸಿದ ಮಾಸ್ತರರು, ಬೆಂಗಳೂರಿನಲ್ಲಿ ಕೂತು ಇವನ್ನು ಬರೆಯುವ ಕೆಲಸಕ್ಕೆ ಸೇರಿದ ನಮ್ಮವರೇ ಆದ ಹುಡುಗ ಹುಡುಗಿಯರು, ಪರದೆಯ ಚಿತ್ರ ತೆಗೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಕೆಂಪು ನಕ್ಷತ್ರ ಎಲ್ಲಿದೆ ಎಂದು ಗುರುತು ಹಾಕಿ ಕಳಿಸಿ. ಕವಿತೆಗಳ ಪಕ್ಕದಲ್ಲೇ ಅಚ್ಚು ಹಾಕುತ್ತೇವೆ.